ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರ ಚರಿತ್ರೆ

ಶಸ್ತ್ರಚಿಕಿತ್ಸೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಕತ್ತಿಯನ್ನು ನೆನೆದು ಅಂಜುತ್ತಾರೆ. ಆದರೆ ಕತ್ತಿಗಿಂತ ಹೆಚ್ಚಾಗಿ ಅಂಜತಕ್ಕದ್ದು ಮತ್ತೊಂದುಂಟು. ಅದು ಯಾವದೆಂದರೆ, ಕತ್ತಿಯು ತನ್ನ ಕೆಲಸವನ್ನು ಮುಗಿಸಿದ ತರುವಾಯ ಗಾಯದೊಳಗೆ ಹೊಕ್ಕು ಅದನ್ನು ಕೊಳೆಯಿಸುವ ನಂಜು. ಈ ನಂಜು ಒಳಹೊಗದಂತೆ ಗಾಯಕ್ಕೆ ಕಾವಲಿಡುವ ರೀತಿಯನ್ನು ವೈದ್ಯಲೋಕಕ್ಕೆ ಕಲಿಸಿದವರು ಇಂಗ್ಲೆಂಡ್ ದೇಶದ ಜೋಸೆಫ್ ಲಿಸ್ಟರರು. ಅವರ ಚರಿತ್ರೆಯನ್ನು ನಾವು ಸಂಕ್ಷೇಪವಾಗಿ ವಾಚಕರ ಮುಂದಿಡುತ್ತೇವೆ.

ಲಿಸ್ಟರರು 1827ನೆಯ ಇಸವಿ ಏಪ್ರಿಲ್ 5ರಂದು ಲಂಡನ್ ನಗರದ ಸಮೀಪದ ಅಪ್ಟನ್ ಎಂಬಲ್ಲಿ ಹುಟ್ಟಿದರು. ಅವರ ಮನೆತನದವರು ಕ್ವೇಕರರೆಂಬ ಪಂಗಡಕ್ಕೆ ಸೇರಿದವರು. ಆಡಂಬರವಿಲ್ಲದ ಉಡುಪು, ಮಿತವಾದ ಮಾತು, ನೇರವಾದ ನಡತೆ ಇವು ಆ ಪಂಗಡದ ಗುರುತುಗಳಾಗಿದ್ದವು. ತಂದೆಯು ದ್ರಾಕ್ಷಾರಸದ ವ್ಯಾಪಾರಿಯಾಗಿದ್ದರೂ ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕ ಯಂತ್ರದ ಗಾಜುಗಳನ್ನು ತಿದ್ದಿ ಉತ್ತಮಪಡಿಸಿ ಪಂಡಿತರಲ್ಲಿ ಹೆಸರಾದರು. ಹೀಗೆ, ಕಣ್ಣಿಗೆ ಕಾಣದ ವಸ್ತುವನ್ನು ಇಲ್ಲವೆನ್ನಬಾರದೆಂಬ ಪಾಠವು ಮಗನಿಗೆ ಮನೆಯಲ್ಲಿಯೇ ದೊರೆಯಿತು. ಲಿಸ್ಟರರು ಲಂಡನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, 1853ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋಗಿ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರ ಕೈಕೆಳಗೆ ಸೇರಿದರು. 1856ರಲ್ಲಿ ಆ ಗುರುವಿನ ಮಗಳಾದ ಆಗ್ನೆಸ್ ಎಂಬಾಕೆಯನ್ನು ಮದುವೆಯಾದರು. ಆಕೆಯು ಬೇರೆ ಸಭೆಯವಳಾದಕಾರಣ ಅವರು ಕ್ವೇಕರರ ಪಂಗಡವನ್ನು ಬಿಡಬೇಕಾಯಿತು. ಆಕೆಯು ಬದುಕಿದ್ದಷ್ಟು ಕಾಲವೂ ಗಂಡನ ಪರೀಕ್ಷೆಗಳಲ್ಲಿ ಸಹಾಯಕಳಾಗಿದ್ದು, ಅವುಗಳ ವಿವರವನ್ನು ತನ್ನ ಕೈಯಿಂದಲೇ ಬರೆದಿಟ್ಟಳು.

1860ರಲ್ಲಿ ಲಿಸ್ಟರರು ಗ್ಲಾಸ್ಗೋ ನಗರದಲ್ಲಿ ಶಸ್ತ್ರವೈದ್ಯದ ಅಧ್ಯಾಪಕರಾದರು. ಅದಕ್ಕೆ ಹದಿನಾಲ್ಕು ವರುಷಗಳ ಹಿಂದೆ, ಅಂದರೆ 1846ರಲ್ಲಿ, ಈಥರ್ ಎಂಬ ಔಷಧಿಯಿಂದ ರೋಗಿಯನ್ನು ನಿದ್ರೆಗೊಳಿಸುವ ರೀತಿಯು ಬಳಕೆಗೆ ಬಂದಿತ್ತು. ನೋವು ತಪ್ಪಿತು; ಮರಣವು ತಪ್ಪಲಿಲ್ಲ. ವೈದ್ಯರು ರಕ್ತದ ಕಲೆ ಹತ್ತಿದ ಹಳೆಯ ಅಂಗಿಯನ್ನೇ ತೊಟ್ಟು ಕೊಯ್ಯುತ್ತಿದ್ದರು. ಒಬ್ಬನ ಗಾಯವನ್ನು ಒರಸಿದ ಸ್ಪಂಜಿನಿಂದಲೇ ಮತ್ತೊಬ್ಬನ ಗಾಯವನ್ನೂ ಒರಸುತ್ತಿದ್ದರು. ಗಾಯದಲ್ಲಿ ಕೀವು ಕಂಡರೆ ಅದು ಗುಣವಾಗುವ ಲಕ್ಷಣವೆಂದು ಎಣಿಸುತ್ತಿದ್ದರು. ರೋಗಿಯು ಜ್ವರ ಬಂದು ಸತ್ತರೆ ಕೆಟ್ಟ ಗಾಳಿಯ ಮೇಲೆ ತಪ್ಪು ಹೊರಿಸುತ್ತಿದ್ದರು. 1864ರಲ್ಲಿಯೂ 1866ರಲ್ಲಿಯೂ ಲಿಸ್ಟರರ ವಶದಲ್ಲಿ ಕೈಕಾಲುಗಳನ್ನು ಕತ್ತರಿಸಿಕೊಂಡ 35 ಮಂದಿಯಲ್ಲಿ 16 ಮಂದಿ ಸತ್ತರು. ಆ ಲೆಕ್ಕವನ್ನು ಅವರು ಮರೆಮಾಡದೆ ತಾವೇ ಪ್ರಕಟಿಸಿದರು.

1865ರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಫ್ರಾನ್ಸ್ ದೇಶದ ಪಾಸ್ತರರ ಬರಹಗಳ ಸುದ್ದಿಯನ್ನು ಲಿಸ್ಟರರಿಗೆ ತಿಳಿಸಿದರು. ಹುಳಿಯುವದಕ್ಕೂ ಕೊಳೆಯುವದಕ್ಕೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದು ಪಾಸ್ತರರು ತೋರಿಸಿದ್ದರು. ಹಾಗಾದರೆ ಗಾಯವು ಕೊಳೆಯುವದಕ್ಕೂ ಅವೇ ಕಾರಣವಾಗಿರಬೇಕೆಂದು ಲಿಸ್ಟರರು ತರ್ಕಿಸಿದರು. ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿಯ ನೀರಿನ ದುರ್ವಾಸನೆಯನ್ನು ಅಡಗಿಸುವದಕ್ಕೆ ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಾರೆಂದು ಅವರು ಕೇಳಿದ್ದರು. ಅದನ್ನೇ ಗಾಯಕ್ಕೆ ಹಾಕಿ ನೋಡಿದರು. ಮೊದಲನೆಯ ಪ್ರಯತ್ನವು ನಿಷ್ಫಲವಾಯಿತು. ಅದೇ ವರುಷ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲೆಲುಬು ಮುರಿದು, ಚರ್ಮವೂ ಒಡೆದಿದ್ದ 11 ವರುಷದ ಬಾಲಕನೊಬ್ಬನು ಆಸ್ಪತ್ರೆಗೆ ಬಂದನು. ಅಂಥ ಕಾಲನ್ನು ಕತ್ತರಿಸುವದೇ ಆಗಿನ ವಾಡಿಕೆ. ಲಿಸ್ಟರರು ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದರು. ನಾಲ್ಕು ದಿನಗಳ ಮೇಲೆ ಬಿಚ್ಚಿ ನೋಡಲಾಗಿ ಕೀವಿಲ್ಲ, ದುರ್ವಾಸನೆಯಿಲ್ಲ. ಆರು ವಾರಗಳಲ್ಲಿ ಎಲುಬು ಕೂಡಿತು. ಹುಡುಗನು ತನ್ನ ಎರಡು ಕಾಲುಗಳ ಮೇಲೆ ನಡೆದು ಹೋದನು.

ಅನಂತರ ಬಂದ ಪರೀಕ್ಷೆಯು ಅವರ ಸ್ವಂತ ಮನೆಗೇ ಬಂದಿತು. ಅವರ ಅಕ್ಕ ಇಸಬೆಲ್ಲಾ ಎಂಬವಳ ಸ್ತನದಲ್ಲಿ ಅರ್ಬುದದ ಗಂಟು ಎದ್ದು ಕಂಕುಳಿನ ವರೆಗೂ ಹರಡಿತ್ತು. ಅಷ್ಟು ದೊಡ್ಡ ಗಾಯವು ನಂಜಾಗದೆ ಉಳಿಯದೆಂದು ಆ ಕಾಲದ ವೈದ್ಯರು ಇಂಥ ಗಂಟುಗಳಿಗೆ ಕೈಹಾಕಲು ಹಿಂದೆಗೆಯುತ್ತಿದ್ದರು. ಲಿಸ್ಟರರು ಮಾವನವರ ಆಲೋಚನೆ ಕೇಳಿ, 1867ನೆಯ ಜೂನ್ ತಿಂಗಳಲ್ಲಿ ಗ್ಲಾಸ್ಗೋದ ತಮ್ಮ ಮನೆಯಲ್ಲಿಯೇ ಒಡಹುಟ್ಟಿದವಳ ಮೇಲೆ ಕತ್ತಿಯನ್ನೆತ್ತಿದರು. ತನ್ನ ವಿಧಾನದಲ್ಲಿ ಸಂಶಯವಿದ್ದವನು ಇಂಥ ಕೆಲಸಕ್ಕೆ ಮನಸ್ಸು ಮಾಡುವನೇ? ಗಾಯವು ನಂಜಿಲ್ಲದೆ ಮಾಯಿತು. ಅರ್ಬುದವು ಮುಂದೆ ಮರಳಿ ಬಂದದ್ದು ನಿಜ; ಆದರೂ ಆಕೆಗೆ ಸುಮಾರು ಮೂರು ವರುಷಗಳ ಆಯುಷ್ಯ ದೊರೆಯಿತು. ರೋಗವನ್ನು ಕೊಯ್ದು ತೆಗೆಯುವದು ಒಂದು ಹೋರಾಟ, ಕೊಯ್ದ ಗಾಯವನ್ನು ಕಾಯುವದು ಮತ್ತೊಂದು ಹೋರಾಟವೆಂಬದನ್ನು ವಾಚಕರು ಇಲ್ಲಿ ಗಮನಿಸಬೇಕು.

1867ರಿಂದ 1869ರ ವರೆಗೆ ಲಿಸ್ಟರರು ಅಂಗಚ್ಛೇದ ಮಾಡಿದ 40 ಮಂದಿಯಲ್ಲಿ ಸತ್ತವರು 6 ಮಂದಿ ಮಾತ್ರ. ಆದರೂ ಅನೇಕ ವೈದ್ಯರು ನಂಬಲಿಲ್ಲ. ಕಾಣದ ಜೀವಿಗಳ ಕಥೆಯನ್ನು ಕೇಳಿ ಅವರು ನಕ್ಕರು. ತಮ್ಮ ಕೈಗಳೇ ರೋಗಿಗಳಿಗೆ ಮರಣವನ್ನು ತಂದವೆಂದು ಒಪ್ಪಿಕೊಳ್ಳುವದು ಯಾರಿಗೆ ಸುಲಭ? ಲಿಸ್ಟರರು ಜಗಳಕ್ಕೆ ನಿಲ್ಲದೆ ಕೆಲಸದಿಂದಲೇ ಉತ್ತರ ಕೊಟ್ಟರು. 1877ರಲ್ಲಿ ಲಂಡನಿಗೆ ಬಂದು, ಒಡೆದ ಮೊಣಕಾಲ ಚಿಪ್ಪನ್ನು ಬೆಳ್ಳಿಯ ತಂತಿಯಿಂದ ಹೊಲಿದು ಸೇರಿಸಿದಾಗ ಎದುರಾಳಿಗಳಲ್ಲಿಯೂ ಹಲವರ ಬಾಯಿ ಕಟ್ಟಿತು.

ಅವರ ಮತ್ತೊಂದು ಗುಣವನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಗಾಳಿಯಲ್ಲಿರುವ ಜೀವಿಗಳನ್ನು ಕೊಲ್ಲುವದಕ್ಕಾಗಿ ಅವರು ಅನೇಕ ವರುಷ ಕೊಯ್ಯುವ ಕೋಣೆಯಲ್ಲಿ ಕಾರ್ಬಾಲಿಕ್ ತುಂತುರನ್ನು ಹಾರಿಸುತ್ತಿದ್ದರು. ಗಾಳಿಗಿಂತ ಕೈಯೂ ಉಪಕರಣವೂ ಹೆಚ್ಚು ಅಪಾಯಕರವೆಂದು ತಿಳಿದುಬಂದಾಗ ಅದನ್ನು ಬಿಟ್ಟುಬಿಟ್ಟು, 1890ರಲ್ಲಿ ಬರ್ಲಿನಿನಲ್ಲಿ ನೆರೆದ ವೈದ್ಯರ ಮಹಾಸಭೆಯಲ್ಲಿ ಆ ತುಂತುರಿನ ವಿಷಯವಾಗಿ ನಾಚುತ್ತೇನೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅವರು ಹಾಕಿದ ತಳಹದಿಯ ಮೇಲೆಯೇ ಉಪಕರಣಗಳನ್ನು ಆವಿಯಲ್ಲಿ ಶುದ್ಧಮಾಡುವ ಪದ್ಧತಿಯೂ ರಬ್ಬರಿನ ಕೈಚೀಲಗಳೂ ಬಂದವು.

ಈಗಲೂ ಆ ಹೋರಾಟವು ಮುಗಿದಿಲ್ಲ. ತೊಡೆಯೆಲುಬಿನಲ್ಲಿ ಅರ್ಬುದವೆದ್ದರೆ ಕಾಲನ್ನು ಕತ್ತರಿಸುವದಕ್ಕೆ ಬದಲಾಗಿ, ಕೆಟ್ಟ ಎಲುಬನ್ನು ತೆಗೆದು ಲೋಹದ ಎಲುಬನ್ನು ಕೂಡಿಸುವ ವಿದ್ಯೆಯು ಇಂದು ಉಂಟು. ಆದರೆ ಗಾಯವು ದೊಡ್ಡದು, ಕೊಯ್ಯುವ ವೇಳೆಯು ದೀರ್ಘ, ಅರ್ಬುದದ ಔಷಧಿಗಳಿಂದ ರೋಗಿಯ ದೇಹಶಕ್ತಿಯು ಕುಂದಿರುವದು. ಲೋಹಕ್ಕೆ ಅಂಟಿಕೊಂಡ ಸೂಕ್ಷ್ಮಜೀವಿಗಳಿಗೆ ಔಷಧಿಯು ಸುಲಭವಾಗಿ ತಗಲದು. ನಂಜು ಬಲವಾದರೆ ಉಳಿಸಿದ ಕಾಲನ್ನೇ ಕಡೆಗೆ ಕತ್ತರಿಸಬೇಕಾದೀತು. ಇಂಥ ಚಿಕಿತ್ಸೆಯ ತರುವಾಯ ಆಂಟಿಬಯೋಟಿಕ್ ಔಷಧಿಯನ್ನು ಒಂದು ದಿನ ಕೊಟ್ಟರೆ ಸಾಕೋ, ಐದು ದಿನ ಕೊಡಬೇಕೋ ಎಂದು 12 ದೇಶಗಳಲ್ಲಿ 604 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು 2022ರಲ್ಲಿ ಪ್ರಕಟವಾಯಿತು. ಐದು ದಿನದವರಲ್ಲಿ ನೂರಕ್ಕೆ 15, ಒಂದು ದಿನದವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ನಂಜಾಯಿತು. ಇದು ಎಣಿಕೆಗೆ ಬರುವ ಭೇದವಲ್ಲವೆಂದು ಪಂಡಿತರು ಕಂಡರು. ಔಷಧಿಯಿಂದಲೇ ಹುಟ್ಟುವ ತೊಂದರೆಗಳಾದರೋ ಐದು ದಿನದವರಲ್ಲಿ ಹೆಚ್ಚಾದವು. ಹಳೆಯ ವಾಡಿಕೆಯನ್ನು ಪರೀಕ್ಷೆಗೆ ಒಡ್ಡುವದನ್ನು ಲಿಸ್ಟರರಿಂದ ಕಲಿತವರು ಹೀಗೆ ಮಾಡುತ್ತಾರೆ.

1897ರಲ್ಲಿ ರಾಣಿಯಿಂದ ಪ್ರಭುಪದವಿಯನ್ನು ಹೊಂದಿದ ಲಿಸ್ಟರರು 1912ನೆಯ ಫೆಬ್ರವರಿ 10ರಂದು ತೀರಿಕೊಂಡರು. ರಾಜ್ಯದ ಮಹನೀಯರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಅವರಿಗೆ ಸ್ಥಳ ದೊರೆಯಬಹುದಾಗಿತ್ತು. ಆದರೆ ಅವರ ಇಚ್ಛೆಯಂತೆ ದೇಹವನ್ನು ಲಂಡನಿನ ಸಾಧಾರಣ ಸ್ಮಶಾನದಲ್ಲಿ, 1893ರಲ್ಲಿ ತೀರಿಕೊಂಡಿದ್ದ ಆಗ್ನೆಸಳ ಪಕ್ಕದಲ್ಲಿ ಹೂಣಿಟ್ಟರು.

ಪ್ರಿಯ ವಾಚಕರೇ, ಆಸ್ಪತ್ರೆಯಿಂದ ಮನೆಗೆ ಬಂದವರ ಗಾಯಕ್ಕೆ ನಾವೂ ಕಾವಲುಗಾರರು. ಸಾಬೂನಿನಿಂದ ಕೈತೊಳೆಯದೆ ಕಟ್ಟನ್ನು ಮುಟ್ಟಬೇಡಿರಿ. ಬೂದಿ, ಸೆಗಣಿ, ಸೊಪ್ಪಿನ ರಸ ಇವುಗಳನ್ನು ಗಾಯಕ್ಕೆ ಹಚ್ಚಬೇಡಿರಿ. ಜ್ವರ, ಕೆಂಪು, ಬಾವು, ಹೆಚ್ಚುವ ನೋವು, ಕೀವು ಇವುಗಳಲ್ಲಿ ಒಂದು ಕಂಡರೂ, ಲೋಹ ಕೂಡಿಸಿದವರಿಗೆ ಅನೇಕ ತಿಂಗಳುಗಳ ಮೇಲೆ ಕಂಡರೂ, ನಾಳೆ ನೋಡೋಣವೆನ್ನದೆ ಆ ದಿನವೇ ವೈದ್ಯರ ಬಳಿಗೆ ಕರಕೊಂಡು ಹೋಗಿರಿ.