ನಲವತ್ತರಲ್ಲಿ ತಂಬೂರಿ ಹಿಡಿದವರು

ಪುರಂದರದಾಸರ ಚರಿತ್ರೆಯನ್ನು ಹೇಳಹೊರಟವರೆಲ್ಲರೂ ಮೂಗುತಿಯ ಕಥೆಯಿಂದಲೇ ತೊಡಗುವುದು ವಾಡಿಕೆ. ನಾನೂ ಆ ವಾಡಿಕೆಯನ್ನು ಮುರಿಯಹೋಗುವುದಿಲ್ಲ. ಆದರೆ ಆ ಕಥೆ ಮುಗಿದ ಮರುದಿನ ಬೆಳಗ್ಗೆ ಏನಾಯಿತೆಂಬುದು ನನಗೆ ಮೂಗುತಿಗಿಂತಲೂ ಹೆಚ್ಚಿನ ಕುತೂಹಲದ ವಿಷಯ.

ಕಥೆ ಎಲ್ಲರೂ ಬಲ್ಲದ್ದೇ. ಶ್ರೀನಿವಾಸನಾಯಕನೆಂಬ ರತ್ನಪಡಿ ವ್ಯಾಪಾರಿ. ಜನ ಅವನನ್ನು ನವಕೋಟಿ ನಾರಾಯಣನೆಂದು ಕರೆಯುತ್ತಿದ್ದರಂತೆ. ಮಗನ ಉಪನಯನಕ್ಕೆಂದು ದ್ರವ್ಯ ಬೇಡಲು ಬಂದ ಬಡ ಬ್ರಾಹ್ಮಣನನ್ನು ಈತ ಇಂದು, ನಾಳೆ ಎಂದು ತಿಂಗಳುಗಟ್ಟಲೆ ಅಲೆಸಿ, ಕೊನೆಗೆ ಸವೆದ ನಾಣ್ಯಗಳ ರಾಶಿಯಿಂದ ಒಂದನ್ನು ಆರಿಸಿಕೊಳ್ಳಹೇಳಿದ. ಬ್ರಾಹ್ಮಣ ನೇರವಾಗಿ ನಾಯಕನ ಮನೆಗೆ ಹೋದ. ಮಡದಿ ಸರಸ್ವತಿ ತನ್ನ ಮೂಗುತಿಯನ್ನೇ ಬಿಚ್ಚಿ ಕೊಟ್ಟಳು. ಅದನ್ನು ಅವನು ಮಾರಲು ತಂದದ್ದು ಮತ್ತೆ ಅದೇ ಅಂಗಡಿಗೆ! ನಾಯಕ ಒಡವೆಯನ್ನು ಗುರುತಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಧಾವಿಸಿದ. ಗಂಡನಿಗೆ ಉತ್ತರ ಕೊಡಲಾರದೆ ವಿಷದ ಬಟ್ಟಲನ್ನು ಕೈಗೆತ್ತಿಕೊಂಡ ಸರಸ್ವತಿಗೆ ಆ ಬಟ್ಟಲಿನಲ್ಲೇ ಮೂಗುತಿ ದೊರೆಯಿತು. ನಾಯಕ ಹಿಂದಿರುಗಿ ನೋಡಿದರೆ ಅಂಗಡಿಯ ಪೆಟ್ಟಿಗೆ ಬರಿದು. ಆತ ಸರ್ವಸ್ವವನ್ನೂ ದಾನಮಾಡಿ, ಮಡದಿ ಮಕ್ಕಳೊಡನೆ ಮನೆಯಿಂದ ಹೊರಬಿದ್ದ. ಇದು ನಡೆದುದು ಪುಣೆಯ ಬಳಿಯ ಪುರಂದರಗಡದಲ್ಲೋ, ತೀರ್ಥಹಳ್ಳಿ ಸೀಮೆಯ ಆರಗದಲ್ಲೋ ಎಂಬ ಚರ್ಚೆಯನ್ನು ವಿದ್ವಾಂಸರಿಗೇ ಬಿಡುತ್ತೇನೆ.

ಕಾಲವನ್ನು ಮಾತ್ರ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ದಾಸರ ಜನನ 1484 ಎಂದು ಸಂಪ್ರದಾಯ ಹೇಳುತ್ತದೆ. ವಿಜಯನಗರದಲ್ಲಿ ವ್ಯಾಸರಾಯರಿಂದ ಅವರಿಗೆ ದಾಸದೀಕ್ಷೆಯಾದುದು 1525ರಲ್ಲಿ. ಎಂದರೆ ತಂಬೂರಿ ಹೆಗಲೇರಿದಾಗ ಅವರಿಗೆ ನಲವತ್ತು ತುಂಬಿತ್ತು. ಬಾಲ್ಯದಲ್ಲಿ ಸಂಸ್ಕೃತದ ಜೊತೆಗೆ ಸಂಗೀತವನ್ನೂ ಕಲಿತಿದ್ದರೆಂದು ಕೆಲವು ಕಥೆಗಳಲ್ಲಿ ಬರುತ್ತದೆ. ಇರಬಹುದು. ಆದರೆ ಹತ್ತು ವರ್ಷದ ಹುಡುಗ ಕಲಿತದ್ದನ್ನು ನಲವತ್ತು ವರ್ಷದ ಗಂಟಲೂ ಬೆರಳೂ ನೆನಪಿನಲ್ಲಿಟ್ಟುಕೊಂಡಿರುವುದಿಲ್ಲ. ನಡುವೆ ಇದ್ದುದು ತಕ್ಕಡಿ, ಬಡ್ಡಿ, ಅಡವು, ಕಡತ. ಹೆಂಡತಿಯ ಔದಾರ್ಯದಿಂದ ಒಂದು ಗಳಿಗೆಯಲ್ಲಿ ಮನಸ್ಸು ತಿರುಗಬಹುದು. ಶ್ರುತಿ ಒಂದು ಗಳಿಗೆಯಲ್ಲಿ ಸೇರುವುದಿಲ್ಲ.

ಈ ಲೆಕ್ಕ ನನಗೆ ಹೊಳೆದುದು ಪುಸ್ತಕ ಓದುವಾಗಲಲ್ಲ. ನಾನು ಪಾಠ ಹೇಳುವುದು ಹೆಗ್ಗಡದೇವನಕೋಟೆಯ ಬಳಿಯ ಹ್ಯಾಂಡ್‌ಪೋಸ್ಟಿನಲ್ಲಿ. (ಹ್ಯಾಂಡ್‌ಪೋಸ್ಟೆಂದರೆ ನಮ್ಮ ಹಳೆಯ ಕನ್ನಡದ ಕೈಮರ, ದಾರಿಹೋಕರಿಗೆ ದಿಕ್ಕು ತೋರುವ ಕಂಬ. ಅಷ್ಟು ಚೆಲುವಾದ ಮಾತನ್ನು ಬಿಟ್ಟುಕೊಟ್ಟೆವಲ್ಲ ಎಂದು ನನಗೆ ಆಗಾಗ ಅನಿಸುವುದುಂಟು.) ದಾಸಸಾಹಿತ್ಯವನ್ನು ತರಗತಿಯಲ್ಲಿ ಹದಿನೈದು ವರ್ಷ ಬೋಧಿಸಿದ ಮೇಲೆ, ನಲವತ್ತಮೂರನೆಯ ವಯಸ್ಸಿನಲ್ಲಿ, ನಾನು ವೀಣೆಯ ಮುಂದೆ ಕುಳಿತೆ. ನನ್ನ ಸಹೋದ್ಯೋಗಿಯೊಬ್ಬರು ಅದೇ ವರ್ಷ ಗಿಟಾರು ಹಿಡಿದರು. ನಾವಿಬ್ಬರೂ ಸಂಜೆ ಚಹಾದ ಹೊತ್ತಿನಲ್ಲಿ ಎಡಗೈ ಬೆರಳ ತುದಿಯ ಗೀರುಗಳನ್ನು ಹೋಲಿಸಿ ನೋಡುವುದು ಮಿಕ್ಕವರಿಗೆ ವಿನೋದ. ಈ ವಯಸ್ಸಿನಲ್ಲಿ ಇದೇತಕ್ಕೆ ಎಂದು ಕೇಳುವವರಿಗೆ ಕೊರತೆಯಿಲ್ಲ. ಬಾಯಿಬಿಟ್ಟು ಕೇಳದವರ ಕಣ್ಣಿನಲ್ಲಿಯೂ ಆ ಪ್ರಶ್ನೆಯನ್ನು ಓದಬಹುದು.

ನವಕೋಟಿ ನಾರಾಯಣನಿಗೆ ಇದನ್ನೇ ಕೇಳಿದವರು ಎಷ್ಟು ಮಂದಿಯೋ! ಆಗಿನ ವಿಜಯನಗರವೆಂದರೆ ಸಾಮಾನ್ಯ ಊರಲ್ಲ. ಕೃಷ್ಣದೇವರಾಯನ ಆಳ್ವಿಕೆಯ ಕಾಲ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಪೇಟೆಯಲ್ಲಿ ಮಾರಾಟಕ್ಕಿದ್ದ ವಜ್ರ, ಮಾಣಿಕ್ಯ, ಮುತ್ತುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ತನ್ನದೇ ಕಸುಬಿನವರು ಸಾಲಾಗಿ ಕುಳಿತ ಅಂಥ ಬೀದಿಗಳಲ್ಲಿ ನಿನ್ನೆಯ ರತ್ನಪಡಿ ವ್ಯಾಪಾರಿ ಕಾಲಿಗೆ ಗೆಜ್ಜೆ ಕಟ್ಟಿ, ಗೋಪಾಳಬುಟ್ಟಿ ಹಿಡಿದು ನಡೆಯಬೇಕಾಯಿತು. ಐಶ್ವರ್ಯವನ್ನು ಬಿಡುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಬಲ್ಲವನೆಂಬ ಹೆಸರನ್ನು ಬಿಟ್ಟು ಅರಿಯದವನಾಗಿ ನಿಲ್ಲುವುದು ಅದಕ್ಕಿಂತ ಕಷ್ಟವೆಂದು ನನ್ನ ಎಣಿಕೆ. ಗುರುವಾದರೋ ನ್ಯಾಯಾಮೃತ, ತರ್ಕತಾಂಡವಗಳನ್ನು ರಚಿಸಿದ ಮಹಾತಾರ್ಕಿಕರು. ಅವರ ವಿದ್ವತ್ಸಭೆಯ ಒಂದು ಅಂಚಿನಲ್ಲಿ ಹರಳಿನ ಬೆಲೆಯೊಂದನ್ನೇ ಬಲ್ಲ ಈ ನಡುವಯಸ್ಸಿನವನು. ದಾಸರ ಪದಗಳನ್ನು ಉಪನಿಷತ್ತಿಗೆ ಸಮನೆಂದು ಗುರುವೇ ಮೆಚ್ಚಿದ ಕಥೆ ಮುಂದಿನದು. ಆ ಮೆಚ್ಚುಗೆಗೆ ಮೊದಲಿನ ವರ್ಷಗಳ ವಿಷಯದಲ್ಲಿ ಕಥೆಗಾರರು ಮೌನ ವಹಿಸಿದ್ದಾರೆ.

ಆ ಮೌನವನ್ನು ತುಂಬುವ ಸಾಕ್ಷಿಯೊಂದು ನಮ್ಮ ಮನೆಮನೆಯಲ್ಲಿದೆ. ಕರ್ಣಾಟಕ ಸಂಗೀತವನ್ನು ಕಲಿಯುವ ಪ್ರತಿಯೊಬ್ಬರೂ ಮೊದಲು ಹಾಡುವ ಸರಳೆ, ಜಂಟಿವರಸೆಗಳನ್ನೂ, ಏಳು ತಾಳಗಳ ಅಲಂಕಾರಗಳನ್ನೂ, ಪಿಳ್ಳಾರಿ ಗೀತೆಗಳನ್ನೂ ಪರಂಪರೆ ಪುರಂದರದಾಸರ ಹೆಸರಿಗೇ ಸಲ್ಲಿಸಿದೆ. ಅವರು ಸಂಗೀತ ಪಿತಾಮಹರೆನಿಸಿದುದು ಇದರಿಂದಲೇ. ಆ ಪಾಠಗಳ ರೀತಿಯನ್ನು ನೋಡಿ. ಸ್ವರಗಳನ್ನು ನೇರವಾಗಿ ಏರಿ ಇಳಿಯುವುದು ಮೊದಲನೆಯದು. ಮುಂದಿನದರಲ್ಲಿ ಎರಡು ಹೆಜ್ಜೆ ನಡೆದು ಹಿಂದಿರುಗಿ ಮತ್ತೆ ಹೊರಡುವುದು. ಆ ಮೇಲೆ ಮೂರು ಹೆಜ್ಜೆ. ಅದೇ ಪಾಠ ಎರಡನೆಯ ಕಾಲದಲ್ಲಿ ಇಮ್ಮಡಿ ವೇಗ, ಮೂರನೆಯ ಕಾಲದಲ್ಲಿ ಅದರ ಇಮ್ಮಡಿ. ಜಂಟಿವರಸೆಯಲ್ಲಿ ಒಂದೊಂದು ಸ್ವರವನ್ನೂ ಎರಡೆರಡು ಬಾರಿ ಒತ್ತಿ ನುಡಿಸಬೇಕು. ಕಲಿಯುವವನು ಯಾವ ಹೆಜ್ಜೆಯಲ್ಲಿ ಎಡವಬಹುದೋ ಆ ಹೆಜ್ಜೆಗೇ ಒಂದು ಪಾಠವಿದೆ. ಹುಟ್ಟಿನಿಂದಲೇ ನಾದದಲ್ಲಿ ಈಜಿದವನಿಗೆ ಇಂಥ ಎಡವು ಕಲ್ಲುಗಳ ಅರಿವು ಇರುವುದಿಲ್ಲ. ಈಜುವ ಮೀನು ನೀರಿನ ಆಳವನ್ನು ಅಳೆಯುತ್ತದೆಯೆ? ಒಂದೊಂದು ಕಾಸನ್ನೂ ಎಣಿಸಿ ಇಟ್ಟು, ಸಂಜೆ ಲೆಕ್ಕ ತಾಳೆ ನೋಡುತ್ತಿದ್ದ ಕೈ ಮಾತ್ರ ಇದನ್ನು ಹೀಗೆ ಜೋಡಿಸಬಲ್ಲುದು. ವ್ಯಾಪಾರಿಯ ಕಡತ ಪೂರ್ಣವಾಗಿ ನಷ್ಟವಾಗಲಿಲ್ಲ, ಸ್ವರದ ಕಡತವಾಯಿತು ಎಂದು ನಾನು ತಿಳಿದಿದ್ದೇನೆ.

ರಾಗದ ಆಯ್ಕೆಯಲ್ಲಿಯೂ ಇದೇ ಲೌಕಿಕ ಜಾಣ್ಮೆ. 1550ರಲ್ಲಿ ವಿಜಯನಗರದಲ್ಲಿಯೇ ರಾಮಾಮಾತ್ಯನು ಬರೆದ ಸ್ವರಮೇಳಕಲಾನಿಧಿ ಮುಖಾರಿಯನ್ನು ಶುದ್ಧಸ್ವರಗಳ ಮೇಳವೆಂದು ಮೊದಲಿಗಿಡುತ್ತದೆ. ಶಾಸ್ತ್ರಕ್ಕೆ ಅದು ಸರಿ, ಕಲಿಯುವವನಿಗೆ ಕಠಿಣ. ದಾಸರ ಪಾಠಗಳಾದರೋ ಮಾಳವಗೌಳದಲ್ಲಿವೆ. ಮಾಯಾ ಎಂಬ ಪೂರ್ವಪದವನ್ನು ಪಡೆದು ಅದು 72 ಮೇಳಗಳಲ್ಲಿ 15ನೆಯದಾದುದು ಮುಂದಿನ ಕಾಲದಲ್ಲಿ. ಇಂದಿನ ವೀಣೆಯ ಮೇಲೆ ಅದನ್ನು ನುಡಿಸಿ ನೋಡಿದವರಿಗೆ ಗುಟ್ಟು ತಿಳಿಯುತ್ತದೆ. ಷಡ್ಜದಿಂದ ಒಂದು ಮೆಟ್ಟಿಲು ಮುಂದೆ ರಿಷಭ, ಅಲ್ಲಿಂದ ಮೂರು ಮೆಟ್ಟಿಲಿಗೆ ಗಾಂಧಾರ, ಮತ್ತೊಂದಕ್ಕೆ ಮಧ್ಯಮ. ಎರಡು ಮೆಟ್ಟಿಲು ದಾಟಿ ಪಂಚಮಕ್ಕೆ ಬಂದರೆ ಮತ್ತೆ ಒಂದು, ಮೂರು, ಒಂದು: ಅದೇ ನಡೆ, ಅದೇ ಬೆರಳು. ಅರ್ಧವನ್ನು ಕಲಿತವನಿಗೆ ಉಳಿದರ್ಧ ತಾನಾಗಿ ದಕ್ಕುತ್ತದೆ. ನನ್ನ ಸಹೋದ್ಯೋಗಿ ಇದನ್ನು ತಮ್ಮ ಗಿಟಾರಿನ ಒಂದೇ ತಂತಿಯ ಮೇಲೆ ನುಡಿಸಿ ನೋಡಿ, ಅಲ್ಲಿಯೂ ಮೆಟ್ಟಿಲುಗಳ ಲೆಕ್ಕ ಒಂದಿಷ್ಟೂ ತಪ್ಪುವುದಿಲ್ಲವೆಂದು ಹಿಗ್ಗಿದರು. ಇನ್ನು ಮೊದಲ ಗೀತೆಗಳ ಮಲಹರಿ ರಾಗದಲ್ಲಿ ಹೊಸದಾದ ಸ್ವರ ಒಂದೂ ಇಲ್ಲ. ಏರುವಾಗ ಗಾಂಧಾರ ನಿಷಾದಗಳನ್ನು, ಇಳಿಯುವಾಗ ನಿಷಾದವನ್ನು ಬಿಟ್ಟರೆ ಆಯಿತು. ಹಳೆಯ ಬಂಡವಾಳದಲ್ಲೇ ಹೊಸ ವ್ಯಾಪಾರ!

ಈ ಮಾತನ್ನು ನಾನು ವಿನೋದಕ್ಕಾಗಿ ಆಡಲಿಲ್ಲ. ದಾಸರ ಪದಗಳಲ್ಲಿ ಅಂಗಡಿಯ ಭಾಷೆ ಕೊನೆಯವರೆಗೂ ಉಳಿಯಿತು. ಹರಿನಾಮವನ್ನು ಕಲ್ಲುಸಕ್ಕರೆಯಾಗಿ ಮಾಡಿ ಬೀದಿಯಲ್ಲಿ ಕೂಗಿ ಮಾರುವಾಗ ಅವರು ಹೇರು, ಸುಂಕ, ಲಾಭನಷ್ಟ ಯಾವುದನ್ನೂ ಮರೆಯುವುದಿಲ್ಲ. ನಲವತ್ತು ವರ್ಷ ಬಾಳಿದ ಬಾಳನ್ನು ಅವರು ತೊಳೆದು ಹಾಕಲಿಲ್ಲ, ಅದನ್ನೇ ಶ್ರುತಿಗೂಡಿಸಿದರು. ಎಳೆವಯಸ್ಸಿನಲ್ಲಿ ತೊಡಗಿದ್ದರೆ ಇನ್ನೂ ದೊಡ್ಡ ಗಾಯಕರಾಗುತ್ತಿದ್ದರೋ ಏನೋ, ಈ ಪದಗಳನ್ನಂತೂ ಬರೆಯುತ್ತಿರಲಿಲ್ಲ.

ಎಳೆವಯಸ್ಸಿನ ಹಾದಿಯನ್ನು ನಾನು ಹಗುರ ಮಾಡುತ್ತಿಲ್ಲ. ವೀಣೆ ವೆಂಕಟಗಿರಿಯಪ್ಪನವರು 1887ರಲ್ಲಿ ಹುಟ್ಟಿದುದು ನಮ್ಮ ಈ ಹೆಗ್ಗಡದೇವನಕೋಟೆಯಲ್ಲಿಯೇ. ಬಾಲ್ಯದಲ್ಲಿಯೇ ವೀಣೆ ಹಿಡಿದು, ಶೇಷಣ್ಣನವರ ಶಿಷ್ಯರಾಗಿ, ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿ, ದೊರೆಸ್ವಾಮಿ ಅಯ್ಯಂಗಾರ್ಯರಂಥ ಶಿಷ್ಯರನ್ನು ನಾಡಿಗೆ ಕೊಟ್ಟವರು ಅವರು. ಅಂಥ ಕೈಗಳೂ, ಬಹಳ ತಡವಾಗಿ ಬಂದ ನನ್ನಂಥವರ ಕೈಗಳೂ ದಾಟುವ ಹೊಸ್ತಿಲು ಒಂದೇ. ಅದನ್ನು ಹಾಕಿದವರು ನಲವತ್ತು ದಾಟಿದ ಮೇಲೆ ಬಂದವರು.

ದೀಕ್ಷೆಯ ನಂತರ ದಾಸರಿಗೆ ಸುಮಾರು ನಾಲ್ವತ್ತು ವರ್ಷಗಳ ಆಯುಸ್ಸು ದೊರೆಯಿತು. ಮೊದಲ ಬಾಳಿನಷ್ಟೇ ಉದ್ದದ ಇನ್ನೊಂದು ಬಾಳು. ಗುರು ವ್ಯಾಸರಾಯರು 1539ರಲ್ಲಿ ಹೋದರು. ದಾಸರು ತೀರಿಕೊಂಡುದು 1564ರಲ್ಲಿ, ಪುಷ್ಯ ಮಾಸದ ಅಮಾವಾಸ್ಯೆಯಂದು. ಮರುವರ್ಷವೇ ರಕ್ಕಸತಂಗಡಿಯ ಯುದ್ಧ. ಅವರು ಹಾಡಿ ನಡೆದ ಬೀದಿಗಳು ಹಾಳಾದವು. ಅವರು ರಚಿಸಿದ ಪದಗಳು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರವೆಂದು ಹೇಳಿಕೆ. ನಮಗೆ ಉಳಿದುದು ಅದರ ಒಂದು ಅಲ್ಪಾಂಶ ಮಾತ್ರ, ಅದಕ್ಕೂ ಅವರು ಹಾಕಿದ ಧಾಟಿಗಳು ಬಹುಮಟ್ಟಿಗೆ ಮರೆತುಹೋಗಿ, ನಾವಿಂದು ಹಾಡುವುದು ಹಿಂದಿನವರೂ ಈಚಿನವರೂ ಕೂಡಿಸಿದ ರಾಗಗಳಲ್ಲಿ. ಪಾಠಗಳು ಮಾತ್ರ ವಿದ್ವಾಂಸರೊಡನೆ ತೆಂಕಣಕ್ಕೆ, ತಂಜಾವೂರಿಗೆ ನಡೆದವು. ಎರಡು ಶತಮಾನಗಳಾದ ಮೇಲೆ ಕಾವೇರಿಯ ದಡದಲ್ಲಿ ಬಾಳಿದ ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿವಿಜಯದ ಮೊದಲಿಗೆ ಪುರಂದರದಾಸರನ್ನು ಸ್ಮರಿಸಿದರು.

ಹಂಪೆಯಲ್ಲಿ ವಿಠಲನ ಗುಡಿಯ ಸಮೀಪ, ತುಂಗಭದ್ರೆಯ ಅಂಚಿನಲ್ಲಿ, ಪುರಂದರ ಮಂಟಪವೆಂಬ ಕಲ್ಲುಗಂಬಗಳ ಮಂಟಪವೊಂದಿದೆ. ದಾಸರು ಕುಳಿತು ಹಾಡುತ್ತಿದ್ದುದು ಅಲ್ಲಿಯೇ ಎಂದು ನಂಬಿಕೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅದು ಮುಳುಗುತ್ತದೆ. ನೀರಿಳಿದ ಮೇಲೆ ಅರ್ಚಕರೋ ಯಾತ್ರಿಕರೋ ಕೆಸರು ತುಳಿದುಕೊಂಡು ಹೋಗಿ ದೀಪ ಹಚ್ಚುತ್ತಾರೆ.