ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್

ಮಕ್ಕಳೇ, ನೀವು ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆಗೋ ಮಸ್ಕಿಯ ಜಾತ್ರೆಗೋ ಹೋಗಿರಬಹುದು. ಲಿಂಗಸುಗೂರು ಕಡೆಯ ಹಳ್ಳಿಯಲ್ಲಿ ಬಯಲಾಟ ನೋಡಿರಬಹುದು. ಸಂಜೆ ಮೈಕ್ ಸೆಟ್ಟಿನವರು ಖಾಲಿ ಜಾಗದಲ್ಲಿ ಪರೀಕ್ಷಿಸುವಾಗ ಧ್ವನಿ ಖಣಖಣ ಎನ್ನುತ್ತದೆ. ಜನ ಕಿಕ್ಕಿರಿದ ಮೇಲೆ ಅದೇ ಧ್ವನಿ ಹಿಂದೆ ಕುಳಿತವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಏಕೆ? ಇದೇ ಪ್ರಶ್ನೆ ಎದುರಾದ ಒಬ್ಬ ರೇಡಿಯೊ ರಿಪೇರಿಗಾರರ ಕತೆ ಇಲ್ಲಿದೆ.

ಲಿಯೋ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ತಂದೆ ತಾಯಿಗೆ ಕಿತ್ತಳೆ ತೋಟವಿತ್ತು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆ ಬೆಳೆದು ಲಿಯೋ ಎಡಗಣ್ಣು ಕಳೆದುಕೊಂಡರು. ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ. ರೇಡಿಯೊ ವಿದ್ಯೆಯನ್ನು ತಾವಾಗಿಯೇ ಕಲಿತರು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಲೆಕ್ಕ ಬರೆಯುವ ಕೆಲಸವೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು.

ಆಗ ಟ್ರಾನ್ಸಿಸ್ಟರ್ ಇರಲಿಲ್ಲ. ರೇಡಿಯೊ, ಆಂಪ್ಲಿಫೈಯರ್ ಎಲ್ಲವೂ ವಾಲ್ವಿನವು. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ನಳಿಕೆ. ಒಳಗಿನ ಒಂದು ಭಾಗ ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊಮ್ಮಿ ಎದುರಿನ ತಗಡಿನತ್ತ ಓಡುತ್ತವೆ. ನಡುವೆ ಒಂದು ಜಾಲರಿ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ನೋಡಿದ್ದೀರಲ್ಲವೇ? ಗೇಟನ್ನು ತುಸು ತಿರುಗಿಸಿದರೆ ಎಷ್ಟೊಂದು ನೀರು ಹೆಚ್ಚು ಕಡಿಮೆ ಆಗುತ್ತದೆ! ಜಾಲರಿಯೂ ಹಾಗೆಯೇ. ಗಿಟಾರಿನಿಂದ ಬಂದ ಸಣ್ಣ ವಿದ್ಯುತ್ ಸಂಕೇತ ಜಾಲರಿಗೆ ತಲುಪಿ ದೊಡ್ಡ ಪ್ರವಾಹವನ್ನು ಕುಣಿಸುತ್ತದೆ. ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆಯೂ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು.

1946ರಲ್ಲಿ ಫೆಂಡರ್ ತಮ್ಮ ಹೆಸರಿನ ಕಂಪನಿ ಆರಂಭಿಸಿ ಗಿಟಾರು, ಆಂಪ್ಲಿಫೈಯರುಗಳನ್ನು ತಯಾರಿಸಿದರು. ಆದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಹಾಗಾದರೆ ಆಂಪ್ಲಿಫೈಯರ್ ಚೆನ್ನಾಗಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಅವರು ಅದನ್ನು ವಾದಕರ ಕೈಗೆ ಕೊಟ್ಟರು. ಗುಂಯ್‌ಗುಡುವುದು, ಧ್ವನಿ ಒಡೆಯುವುದು, ಸಾಗಿಸುವಾಗ ಬಿಡಿಭಾಗ ಸಡಿಲವಾಗುವುದು ಹೀಗೆ ಯಾವ ದೂರು ಬಂದರೂ ತಾಳ್ಮೆಯಿಂದ ಕೇಳಿ ತಿದ್ದಿದರು. ವಾಲ್ವನ್ನು ಮಿತಿ ಮೀರಿ ದುಡಿಸಿದರೆ ಧ್ವನಿ ಅಲೆಯ ತುದಿಗಳು ಕತ್ತರಿಸಿದಂತಾಗಿ ಸ್ವರ ಒರಟಾಗುತ್ತದೆ. ಫೆಂಡರ್‌ಗೆ ಶುದ್ಧ ಧ್ವನಿಯೇ ಇಷ್ಟ. ಕೆಲವು ವಾದಕರಿಗೆ ಮಾತ್ರ ಆ ಒರಟು ಸ್ವರವೇ ಹಿಡಿಸಿತು!

1960ರ ಸುಮಾರಿಗೆ ಡಿಕ್ ಡೇಲ್ ಎಂಬ ಯುವಕ ಆಂಪ್ಲಿಫೈಯರು, ಸ್ಪೀಕರುಗಳನ್ನು ಒಂದಾದ ಮೇಲೊಂದು ಸುಟ್ಟು ತರತೊಡಗಿದರು. ಅಂಗಡಿಯಲ್ಲಿ ಕಿವಿ ಗಡಚಿಕ್ಕುವ ಸದ್ದು ಸಭಾಂಗಣದಲ್ಲಿ ಏಕೆ ಸಾಲದು? ಫೆಂಡರ್‌ಗೆ ಅರ್ಥವಾಗಲಿಲ್ಲ. ಕೊನೆಗೆ ಸಹೋದ್ಯೋಗಿಯೊಂದಿಗೆ ತಾವೇ ಕಛೇರಿಗೆ ಹೋಗಿ ಜನರ ನಡುವೆ ನಿಂತು ಕೇಳಿದರು ಎಂದು ಡೇಲ್ ನೆನಪಿಸಿಕೊಂಡಿದ್ದಾರೆ. ಆಗ ಕಾರಣ ಹೊಳೆಯಿತು. ಜನರ ಮೈ, ಬಟ್ಟೆಗಳು ಧ್ವನಿಯನ್ನು ಹೀರಿಕೊಳ್ಳುತ್ತವೆ. ಗದ್ದಲವೂ ಅದನ್ನು ಮುಚ್ಚುತ್ತದೆ. ಅಲ್ಲದೆ ಶಕ್ತಿ ಎರಡು ಪಟ್ಟಾದರೆ ಸದ್ದು ಎರಡು ಪಟ್ಟು ಕೇಳಿಸುವುದಿಲ್ಲ. ಅದಕ್ಕೆ ಸುಮಾರು 10 ಪಟ್ಟು ಶಕ್ತಿ ಬೇಕು. ಫೆಂಡರ್ ಹೆಚ್ಚು ಶಕ್ತಿಯ ಆಂಪ್ಲಿಫೈಯರನ್ನೂ ಅದನ್ನು ತಾಳುವ 15 ಅಂಗುಲದ ಸ್ಪೀಕರುಗಳನ್ನೂ ಜೋಡಿಸಿಕೊಟ್ಟರು.

ಅನಾರೋಗ್ಯದಿಂದ 1965ರಲ್ಲಿ ಕಂಪನಿಯನ್ನು 130 ಲಕ್ಷ ಡಾಲರಿಗೆ ಮಾರಿದರು. ಆದರೂ ಸುಮ್ಮನೆ ಕೂರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೂ ಕೆಲಸ ಮುಂದುವರಿಸಿದರು. 1991ರ ಮಾರ್ಚ್ 21ರಂದು ನಿಧನರಾದರು.

ಒಂದು ವಸ್ತುವನ್ನು ಅದು ಬಳಕೆಯಾಗುವ ಸ್ಥಳದಲ್ಲಿ, ಬಳಸುವವರ ಕೈಯಲ್ಲೇ ಪರೀಕ್ಷಿಸಬೇಕು. ಫೆಂಡರ್ ಬದುಕು ಕಲಿಸುವ ವಿಜ್ಞಾನದ ಪಾಠ ಇದು.

ಮಾಡಿ ನೋಡಿ: ಖಾಲಿ ತರಗತಿಯಲ್ಲಿ ಒಂದು ರೇಡಿಯೊ ಹಚ್ಚಿ, ಹಿಂದಿನ ಗೋಡೆಯ ಬಳಿ ನಿಂತು ಆಲಿಸಿ. ಧ್ವನಿಯ ಗುಂಡಿಯನ್ನು ಮುಟ್ಟದೆ, ಎಲ್ಲರೂ ಬಂದು ಮೌನವಾಗಿ ಕುಳಿತ ಮೇಲೆ ಮತ್ತೆ ಆಲಿಸಿ. ವ್ಯತ್ಯಾಸ ಬರೆದಿಡಿ.

ಎಚ್ಚರಿಕೆ: ಹಳೆಯ ವಾಲ್ವ್ ಸೆಟ್ಟುಗಳನ್ನು ಎಂದೂ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.