ಚಿಲುಮೆಯ ಹೊಗೆಯೂ ಕಥೆಗಾರನ ಉಸಿರೂ

ಹಳೆಯ ಸಾಹಸಕಥೆಗಳನ್ನು ಮತ್ತೊಮ್ಮೆ ತಿರುವಿಹಾಕುವ ವಾಚಕರಿಗೆ ಒಂದು ಸಂಗತಿ ಗೋಚರಿಸದೆ ಇರದು. ಅವುಗಳಲ್ಲಿ ಕತ್ತಿಗೂ ಕೋವಿಗೂ ಎಷ್ಟು ಸ್ಥಾನವುಂಟೋ ಹೊಗೆಸೊಪ್ಪಿನ ಚಿಲುಮೆಗೂ ಹೆಚ್ಚುಕಡಮೆ ಅಷ್ಟೇ ಸ್ಥಾನವುಂಟು. 1719ರಲ್ಲಿ ಡೇನಿಯಲ್ ಡೀಫೋ ಸೃಷ್ಟಿಸಿದ ರಾಬಿನ್‌ಸನ್ ಕ್ರೂಸೋ, ನಿರ್ಜನ ದ್ವೀಪದಲ್ಲಿ ತನ್ನ ಕೈಯಿಂದಲೇ ಮಣ್ಣಿನ ಚಿಲುಮೆಯೊಂದನ್ನು ಮಾಡಿಕೊಂಡು, ತನ್ನ ಬೇರಾವ ಕೆಲಸದಲ್ಲಿಯೂ ಕಾಣದ ಹೆಮ್ಮೆಯನ್ನು ಅದರಲ್ಲಿ ಕಂಡನು. 1876ರಲ್ಲಿ ಪ್ರಕಟವಾದ ಮಾರ್ಕ್ ಟ್ವೇನನ ಟಾಮ್ ಸಾಯರ್, ಗೆಳೆಯ ಹಕ್‌ನಿಂದ ಚಿಲುಮೆ ಸೇದುವ ವಿದ್ಯೆಯನ್ನು ಕಲಿಯಹೋಗಿ, ಮೊದಲು ಜಂಬಪಟ್ಟು ಅನಂತರ ಹೊಟ್ಟೆ ತೊಳಸಿ ಕಾಡಿನ ಮರೆಯನ್ನು ಹುಡುಕಿದನು. ಆದರೆ ಚಿಲುಮೆಯನ್ನು ಪಾತ್ರಗಳ ಗುಣವನ್ನು ಅಳೆಯುವ ಅಳತೆಗೋಲನ್ನಾಗಿ ಮಾಡಿದವನು ಮತ್ತೊಬ್ಬ. ಆತನೇ 'ಟ್ರೆಷರ್ ಐಲೆಂಡ್' ಬರೆದ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್. ಹೊಗೆಯನ್ನು ಅಷ್ಟು ಚೆನ್ನಾಗಿ ವರ್ಣಿಸಿದ ಈತ ಜನ್ಮವಿಡೀ ಉಸಿರಿಗಾಗಿ ಹೋರಾಡಿದವನು ಎಂಬುದನ್ನು ನೆನೆದಾಗ, ಆ ಕಥೆಯನ್ನು ಓದುವ ನಮ್ಮ ದೃಷ್ಟಿಯೇ ಬದಲಾಗುತ್ತದೆ.

ಸ್ಟೀವನ್‌ಸನ್ನನು 1850ರ ನವೆಂಬರ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದನು. ದೀಪಸ್ತಂಭಗಳನ್ನು ಕಟ್ಟುವುದು ಆ ಮನೆತನದ ಕಸುಬು. ಅಜ್ಜ ರಾಬರ್ಟ್ ಸ್ಟೀವನ್‌ಸನ್ ಸಮುದ್ರಮಧ್ಯದ ಬೆಲ್ ರಾಕ್ ಬಂಡೆಯ ಮೇಲೆ ಕಟ್ಟಿಸಿದ ದೀಪಸ್ತಂಭವು 1811ರಲ್ಲಿ ಬೆಳಗತೊಡಗಿತು. ತಂದೆ ಥಾಮಸ್ ಕೂಡ ಅದೇ ವೃತ್ತಿಯಲ್ಲಿ ಹೆಸರು ಗಳಿಸಿದವನು. ಒಬ್ಬನೇ ಮಗನಾದ ಲೂಯಿಸ್ ತಮ್ಮ ಹಾದಿಯನ್ನೇ ಹಿಡಿಯುವನೆಂದು ಮನೆಯವರೆಲ್ಲ ನಂಬಿದ್ದುದು ಸಹಜವೇ. ಆದರೆ ಮಗುವಿನ ಎದೆ ಮೊದಲಿನಿಂದಲೂ ದುರ್ಬಲ. ಎಡಿನ್‌ಬರೋದ ಚಳಿಗಾಳಿಯಲ್ಲಿ ವರ್ಷದ ಅನೇಕ ತಿಂಗಳು ಅವನಿಗೆ ಹಾಸಿಗೆಯೇ ಲೋಕವಾಗಿತ್ತು. ಕೆಮ್ಮಿನಿಂದ ನಿದ್ದೆ ಬಾರದ ರಾತ್ರಿಗಳಲ್ಲಿ ಆಲಿಸನ್ ಕನ್ನಿಂಗ್‌ಹಮ್ ಎಂಬ ದಾದಿ ಅವನಿಗೆ ಬೈಬಲಿನ ಕಥೆಗಳನ್ನೂ ಧರ್ಮಕ್ಕಾಗಿ ಪ್ರಾಣ ತೆತ್ತ ಸ್ಕಾಟ್ ವೀರರ ಕಥೆಗಳನ್ನೂ ಹೇಳುತ್ತಿದ್ದಳು. ಓಡಿಯಾಡಲಾರದ ಬಾಲಕನ ಮನಸ್ಸು ಕಥೆಗಳಲ್ಲಿ ಓಡಿಯಾಡಲು ಕಲಿತದ್ದು ಹೀಗೆ.

1867ರಲ್ಲಿ ಅವನು ಇಂಜಿನಿಯರಿಂಗ್ ಕಲಿಯಲೆಂದು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದನು. 1871ರಲ್ಲಿ ದೀಪಸ್ತಂಭದ ಬೆಳಕಿನ ಬಗೆಗೆ ಪ್ರಬಂಧವೊಂದನ್ನು ಮಂಡಿಸಿ ಪದಕವನ್ನೂ ಪಡೆದನು. ಆದರೆ ಅದೇ ವರ್ಷ, ತನಗೆ ಬೇಕಾದದ್ದು ಬರವಣಿಗೆಯೇ ಹೊರತು ಕಲ್ಲುಗಾರೆಯಲ್ಲವೆಂದು ತಂದೆಗೆ ತಿಳಿಸಿಬಿಟ್ಟನು. ತಂದೆಯ ಒತ್ತಾಯಕ್ಕೆ ಮಣಿದು ಕಾನೂನು ಓದಿ 1875ರಲ್ಲಿ ವಕೀಲನಾದರೂ ಆ ವೃತ್ತಿಯಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಕೆದರಿದ ಕೂದಲು, ಮಖಮಲ್ಲಿನ ಹಳೆಯ ಅಂಗಿ, ಬೆರಳುಗಳ ನಡುವೆ ತಾನೇ ಸುತ್ತಿಕೊಂಡ ಸಿಗರೇಟು, ಇದು ಗೆಳೆಯರಿಗೆ ಪರಿಚಿತವಾದ ಅವನ ರೂಪ. 1878ರಲ್ಲಿ ಕತ್ತೆಯೊಂದನ್ನು ಜೊತೆಗಿಟ್ಟುಕೊಂಡು ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ನಡೆದಾಗ, ಪೈನ್ ಮರಗಳ ನಡುವೆ ಬಯಲಿನಲ್ಲಿ ಕಳೆದ ರಾತ್ರಿಯ ವರ್ಣನೆಯಲ್ಲಿಯೂ ಈ ಸಿಗರೇಟು ಬಂದಿದೆ. ಹೆಂಗಸಾದವಳು ಮದ್ಯ ಮುಟ್ಟದವನನ್ನಾಗಲಿ ಹೊಗೆ ಸೇದದವನನ್ನಾಗಲಿ ಮದುವೆಯಾಗಬಾರದೆಂದು ಪ್ರಬಂಧವೊಂದರಲ್ಲಿ ತಮಾಷೆಯಾಗಿ ವಿಧಿಸಿದವನೂ ಈತನೇ. ದುರ್ಬಲವಾದ ಎದೆಯವನು ಈ ಮಾತನ್ನು ಬರೆದನೆಂಬುದೇ ಸೋಜಿಗ.

1876ರಲ್ಲಿ ಫ್ರಾನ್ಸಿನ ಗ್ರೆ ಎಂಬ ಹಳ್ಳಿಯಲ್ಲಿ ಅವನಿಗೆ ಫ್ಯಾನಿ ಆಸ್‌ಬೋರ್ನ್ ಎಂಬ ಅಮೆರಿಕದ ಮಹಿಳೆಯ ಪರಿಚಯವಾಯಿತು. ಆಕೆ ಅವನಿಗಿಂತ ಹತ್ತು ವರ್ಷ ಹಿರಿಯಳು. ಗಂಡನಿಂದ ದೂರವಿದ್ದ, ಮಕ್ಕಳ ತಾಯಿ. 1879ರಲ್ಲಿ ಅವಳನ್ನರಸಿ ಸ್ಟೀವನ್‌ಸನ್ನನು ಅಟ್ಲಾಂಟಿಕ್ ಸಾಗರವನ್ನು ದಾಟಿ, ಅಮೆರಿಕ ಖಂಡವನ್ನು ರೈಲಿನಲ್ಲಿ ಹಾದು, ಸಾಯುವಂಥ ಸ್ಥಿತಿಯಲ್ಲಿ ಕ್ಯಾಲಿಫೋರ್ನಿಯವನ್ನು ತಲುಪಿದನು. 1880ರ ಮೇ 19ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ವಿವಾಹವಾಯಿತು. ಅಂದಿನಿಂದ ಆಕೆ ಅವನಿಗೆ ಪತ್ನಿಯೂ ಆದಳು, ಶುಶ್ರೂಷಕಿಯೂ ಆದಳು.

ಮುಂದಿನ ವರ್ಷದ ಬೇಸಗೆ. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ ಕುಟುಂಬವೆಲ್ಲ ಬಾಡಿಗೆಯ ಮನೆಯೊಂದರಲ್ಲಿ ಇಳಿದಿತ್ತು. ಹೊರಗೆ ಬಿಡದ ಮಳೆ. ಒಳಗೆ ಫ್ಯಾನಿಯ ಮಗ ಲಾಯ್ಡ್ ಬಣ್ಣಗಳೊಡನೆ ಆಟವಾಡುತ್ತಿದ್ದನು. ಆ ಆಟದಿಂದ ಒಂದು ದ್ವೀಪದ ನಕ್ಷೆ ಹುಟ್ಟಿತು. ನಕ್ಷೆಯಿಂದ ಕಥೆ ಹುಟ್ಟಿತು. ದಿನಕ್ಕೊಂದು ಅಧ್ಯಾಯದಂತೆ ಬರೆದು ಸ್ಟೀವನ್‌ಸನ್ನನು ಮನೆಯವರಿಗೆ ಓದಿ ಹೇಳತೊಡಗಿದನು. ಮಗ ತನ್ನ ಕಸುಬನ್ನು ತೊರೆದನೆಂದು ಒಮ್ಮೆ ನೊಂದಿದ್ದ ಥಾಮಸ್, ಈಗ ಹುಡುಗನಿಗಿಂತ ಹೆಚ್ಚಿನ ಉತ್ಸಾಹದಿಂದ ಕೇಳುತ್ತ ಕುಳಿತನು. ಸತ್ತ ನಾವಿಕ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನು ಇರಬೇಕೆಂಬ ಪಟ್ಟಿಯನ್ನು ಆತನೇ ಕುಳಿತು ಸಿದ್ಧಪಡಿಸಿಕೊಟ್ಟನು; ಮಗ ಅದನ್ನು ಹಾಗೆಯೇ ಬಳಸಿಕೊಂಡನು. ಪಿಸ್ತೂಲು, ಬೆಳ್ಳಿಗಟ್ಟಿಗಳೊಡನೆ ಆ ಪೆಟ್ಟಿಗೆಯಲ್ಲಿ ಹೊಗೆಸೊಪ್ಪಿನ ಕಡ್ಡಿಗಳೂ ಇವೆ. ತಂದೆ ಮಗನ ನಡುವಣ ಹಳೆಯ ಬಿರುಕು ಈ ಪಟ್ಟಿಯ ನೆವದಲ್ಲಿ ಕೊಂಚವಾದರೂ ಮುಚ್ಚಿತೆಂದು ಭಾವಿಸಿದರೆ ತಪ್ಪಾಗಲಾರದು.

ಹದಿನೈದು ದಿನಗಳಲ್ಲಿ ಹದಿನೈದು ಅಧ್ಯಾಯಗಳು ಮುಗಿದವು. ಹದಿನಾರನೆಯದರ ಆರಂಭದಲ್ಲಿಯೇ ಲೇಖನಿ ನಿಂತುಹೋಯಿತು. ಅಷ್ಟರಲ್ಲಿ 'ಯಂಗ್ ಫೋಕ್ಸ್' ಎಂಬ ಬಾಲಕರ ವಾರಪತ್ರಿಕೆ ಕಥೆಯನ್ನು ಒಪ್ಪಿಕೊಂಡಿತ್ತು; 1881ರ ಅಕ್ಟೋಬರ್ 1ರಿಂದ ಧಾರಾವಾಹಿಯೂ ಆರಂಭವಾಯಿತು. ಕರ್ತೃವಿನ ಸ್ಥಾನದಲ್ಲಿ ಇದ್ದುದು ಕ್ಯಾಪ್ಟನ್ ಜಾರ್ಜ್ ನಾರ್ತ್ ಎಂಬ ಕಲ್ಪಿತ ಹೆಸರು. ಕಥೆ ಅರ್ಧಕ್ಕೆ ನಿಂತಿದೆ, ಅಚ್ಚು ನಡೆದಿದೆ, ಕರ್ತೃವಿನ ಎದೆಯ ಸ್ಥಿತಿ ಕೆಟ್ಟಿದೆ. ವೈದ್ಯರ ಸಲಹೆಯಂತೆ ಅವನು ಸ್ವಿಟ್ಜರ್ಲೆಂಡಿನ ದಾವೋಸಿಗೆ ಹೋದನು. ಅದು ಎತ್ತರದ ಪರ್ವತಗಳ ನಡುವಿನ ಊರು. ಯುರೋಪಿನ ಕ್ಷಯರೋಗಿಗಳು ಶುದ್ಧವಾದ ಗಾಳಿಯನ್ನು ಬಯಸಿ ಬಂದು ಸೇರುತ್ತಿದ್ದ ತಾಣ. ಅಲ್ಲಿ ಒಂದು ಬೆಳಗ್ಗೆ ಕುಳಿತಾಗ ಕಥೆ ಮತ್ತೆ ಹರಿಯತೊಡಗಿತು. ಪುನಃ ದಿನಕ್ಕೊಂದು ಅಧ್ಯಾಯದಂತೆ ಮುಗಿಯಿತು.

ಈ ಕ್ರಮವನ್ನು ಇಷ್ಟು ವಿವರವಾಗಿ ಹೇಳಲು ಕಾರಣವುಂಟು. ಕಾದಂಬರಿಯಲ್ಲಿ ಚಿಲುಮೆಯ ಅತಿ ಶ್ರೇಷ್ಠ ಸನ್ನಿವೇಶ ಬರುವುದು ಇಪ್ಪತ್ತನೆಯ ಅಧ್ಯಾಯದಲ್ಲಿ. ಎಂದರೆ ಅದು ರಚಿತವಾದದ್ದು ದಾವೋಸಿನಲ್ಲಿ, ಕೆಮ್ಮುವವರ ನಡುವೆ.

ಆ ಸನ್ನಿವೇಶವನ್ನು ಬಲ್ಲವರು ಮರೆಯಲಾರರು. ದ್ವೀಪದ ಮರದ ಕೋಟೆಯೊಳಗೆ ಕ್ಯಾಪ್ಟನ್ ಸ್ಮಾಲೆಟ್ ಮತ್ತು ಅವನ ಕೆಲವೇ ಮಂದಿ ಸಂಗಡಿಗರು. ಹೊರಗೆ ಬಂಡೆದ್ದ ಕಡಲುಗಳ್ಳರು. ಕಳ್ಳರ ನಾಯಕನಾದ ಒಂಟಿಕಾಲಿನ ಜಾನ್ ಸಿಲ್ವರ್ ಸಂಧಾನಕ್ಕೆಂದು ಊರುಗೋಲನ್ನೂರುತ್ತ ಮರಳುದಿಬ್ಬವನ್ನು ಹತ್ತಿ ಬರುತ್ತಾನೆ. ಕ್ಯಾಪ್ಟನ್ ಅವನನ್ನು ಒಳಕ್ಕೆ ಕರೆಯುವುದಿಲ್ಲ. ಮರಳಿನ ಮೇಲೆಯೇ ಕೂರಿಸುತ್ತಾನೆ. ಮಾತಿನ ನಡುವೆ ಶಾಂತವಾಗಿ ಚಿಲುಮೆಯನ್ನು ತುಂಬುತ್ತಾನೆ. ಸಿಲ್ವರನೂ ತನ್ನದನ್ನು ತುಂಬಿ ಹೊತ್ತಿಸುತ್ತಾನೆ. ಇಬ್ಬರೂ ಬಹಳ ಹೊತ್ತು ಮಾತಿಲ್ಲದೆ, ಒಬ್ಬರ ಮುಖವನ್ನೊಬ್ಬರು ನೋಡುತ್ತ ಹೊಗೆ ಬಿಡುತ್ತಾರೆ. ಆಮೇಲೆ ಸಿಲ್ವರ್ ತನ್ನ ಷರತ್ತುಗಳನ್ನು ಹೇಳುತ್ತಾನೆ. ಕ್ಯಾಪ್ಟನ್ ಎದ್ದು ಚಿಲುಮೆಯ ಬೂದಿಯನ್ನು ಎಡ ಅಂಗೈಗೆ ತಟ್ಟಿಕೊಂಡು, ಆ ಷರತ್ತುಗಳನ್ನೆಲ್ಲ ತಿರಸ್ಕರಿಸುತ್ತಾನೆ. ಸಿಲ್ವರನ ಕಣ್ಣುಗಳು ಕೋಪದಿಂದ ಹೊರಚಾಚುತ್ತವೆ; ಅವನು ಚಿಲುಮೆಯ ಕೆಂಡವನ್ನು ಕೊಡವಿಬಿಡುತ್ತಾನೆ. ಎಬ್ಬಿಸಲು ಕೈ ನೀಡುವವರು ಒಬ್ಬರೂ ಇಲ್ಲ. ಮರಳಿನಲ್ಲಿ ತೆವಳಿಕೊಂಡು ಬಾಗಿಲವರೆಗೆ ಹೋಗಿ, ಅದನ್ನು ಹಿಡಿದು ಅವನು ಮೇಲೇಳಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಚಿಲುಮೆ ಉರಿಯುವಷ್ಟು ಹೊತ್ತು ಮಾತ್ರ ಯುದ್ಧ ತಡೆದು ನಿಂತಿದೆ. ಒಬ್ಬನು ಬೂದಿಯನ್ನು ಅಂಗೈಗೆ ತಟ್ಟಿಕೊಳ್ಳುತ್ತಾನೆ. ಮತ್ತೊಬ್ಬನು ಕೆಂಡವನ್ನೇ ಕೊಡವುತ್ತಾನೆ. ಇಬ್ಬರ ಸ್ವಭಾವಗಳ ಅಂತರವನ್ನು ತಿಳಿಸಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಇದೇ ಕ್ಯಾಪ್ಟನ್ ಕೋಟೆಗೆ ಬರುವಾಗ ಧ್ವಜ, ಬೈಬಲು, ಹಗ್ಗ, ಲೇಖನಿ, ಮಸಿ, ದಿನಚರಿಗಳ ಜೊತೆಗೆ ಹಲವು ಪೌಂಡು ಹೊಗೆಸೊಪ್ಪನ್ನೂ ಜೇಬುಗಳಲ್ಲಿ ತುಂಬಿಕೊಂಡು ಬಂದವನು. ಡಾಕ್ಟರ್ ಲಿವ್ಸಿಯ ವಿಷಯವೂ ಹೀಗೆಯೇ. ಕುಡಿದ ಬಿಲ್ಲಿ ಬೋನ್ಸ್ ಹೋಟೆಲಿನಲ್ಲಿ ಮೇಜು ಗುದ್ದಿ ಎಲ್ಲರನ್ನೂ ಸುಮ್ಮನಾಗಿಸಿದಾಗ, ಚಿಲುಮೆಯನ್ನು ಸೇದುತ್ತ ಮಾತನ್ನು ಮುಂದುವರಿಸಿದವನು ಡಾಕ್ಟರನೊಬ್ಬನೇ. ಅವನ ನಶ್ಯದ ಡಬ್ಬಿಯಲ್ಲಿ ನಶ್ಯವೇ ಇಲ್ಲ. ಇಟಲಿಯ ಗಿಣ್ಣಿನ ತುಂಡೊಂದಿದೆ. ಮೂರು ವರ್ಷ ದ್ವೀಪದಲ್ಲಿ ಒಂಟಿಯಾಗಿದ್ದು ಗಿಣ್ಣಿಗಾಗಿ ಹಂಬಲಿಸಿದ ಬೆನ್ ಗನ್ನನಿಗೆ ಅದನ್ನು ಮೀಸಲಿಡುತ್ತಾನೆ. ಇನ್ನು ಇಸ್ರೇಲ್ ಹ್ಯಾಂಡ್ಸ್ ಎಂಬ ಗಾಯಗೊಂಡ ಕಳ್ಳ, ಕೊನೆಯ ಬಾರಿಗೆಂಬಂತೆ ಜಗಿಯಲು ಹೊಗೆಸೊಪ್ಪು ಬೇಡುತ್ತಾನೆ. ಬಾಲಕ ಜಿಮ್ ಕತ್ತರಿಸಿ ಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಹ್ಯಾಂಡ್ಸ್ ಕತ್ತಿ ಹಿಡಿದು ಆ ಬಾಲಕನ ಮೇಲೆಯೇ ಬೀಳುತ್ತಾನೆ. ಇಷ್ಟೆಲ್ಲ ಹೊಗೆಯ ನಡುವೆ ಬೆಳೆಯುವ ಜಿಮ್ ಮಾತ್ರ ಚಿಲುಮೆಯನ್ನು ತುಟಿಗಿಡುವುದಿಲ್ಲ. ಅದು ದೊಡ್ಡವರ ಲೋಕ. ಹುಡುಗ ಅದನ್ನು ನೋಡುತ್ತಾನೆ, ಅದರಿಂದ ಮನುಷ್ಯರನ್ನು ಅರಿಯುತ್ತಾನೆ.

ಕಥೆ 1882ರ ಜನವರಿಯಲ್ಲಿ ಪತ್ರಿಕೆಯಲ್ಲಿ ಮುಗಿಯಿತು. ಅದೇ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಸ್ಟೀವನ್‌ಸನ್ನನ ರೋಗವನ್ನು ಸಮಕಾಲೀನರು ಕ್ಷಯವೆಂದೇ ಎಣಿಸಿದ್ದರು. ಬೇರೊಂದು ಶ್ವಾಸಕೋಶದ ರೋಗವಿದ್ದಿರಬಹುದೆಂದು ಅನಂತರದ ಕೆಲವು ವೈದ್ಯರು ಊಹಿಸಿದ್ದಾರೆ. ಹೆಸರು ಯಾವುದಾದರೂ ಇರಲಿ, ಅವನು ರಕ್ತ ಕಾರುತ್ತಿದ್ದುದು ನಿಜ. 1883ರ ನವೆಂಬರಿನಲ್ಲಿ ಕಾದಂಬರಿ ಪುಸ್ತಕರೂಪದಲ್ಲಿ ಹೊರಬಂದು ನೂರು ಪೌಂಡುಗಳನ್ನೂ ಕೀರ್ತಿಯನ್ನೂ ತಂದಿತು. ಮರುವರ್ಷ ಫ್ರಾನ್ಸಿನ ಇಯೇರ್‌ನಲ್ಲಿ ಭೀಕರ ರಕ್ತಸ್ರಾವವಾದಾಗ ಅವನಿಗೆ ಮಾತಾಡಲಾಗಲಿಲ್ಲ. ಹೆದರಬೇಡವೆಂದೂ ಇದು ಸಾವಾದರೆ ಸುಲಭದ ಸಾವೆಂದೂ ಕಾಗದದ ಮೇಲೆ ಬರೆದು ಹೆಂಡತಿಗೆ ತೋರಿಸಿದನು. ಮುಂದೆ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಹಾಸಿಗೆ ಹಿಡಿದೇ 1886ರಲ್ಲಿ ಬೆಳಕು ಕಂಡ 'ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್', 'ಕಿಡ್ನ್ಯಾಪ್ಡ್' ಎಂಬ ಕೃತಿಗಳನ್ನು ರಚಿಸಿದನು. ಆದರೂ ಸಿಗರೇಟು ಬಿಡಲಿಲ್ಲ. 1887ರಲ್ಲಿ ಚಿತ್ರಕಾರ ಸಾರ್ಜೆಂಟ್ ಬರೆದ ಭಾವಚಿತ್ರದಲ್ಲಿಯೂ ಅವನ ಬೆರಳುಗಳಲ್ಲಿ ಅದೇ ಇದೆ.

ಆ ವರ್ಷ ತಂದೆ ತೀರಿಕೊಂಡ ಮೇಲೆ ಅವನು ಅಮೆರಿಕಕ್ಕೆ ಹೋಗಿ, ಸ್ಯಾರನಾಕ್ ಲೇಕ್ ಎಂಬಲ್ಲಿ ಕ್ಷಯರೋಗತಜ್ಞ ಟ್ರೂಡೋನ ಆರೈಕೆಯಲ್ಲಿ ಚಳಿಗಾಲವನ್ನು ಕಳೆದನು. 1888ರಲ್ಲಿ ಪೆಸಿಫಿಕ್ ಸಾಗರಕ್ಕೆ ಹಡಗನ್ನೇರಿದವನು ಮತ್ತೆ ಯುರೋಪಿಗೆ ಮರಳಲಿಲ್ಲ. ಸಮೋವಾದ ಉಪೋಲು ದ್ವೀಪದಲ್ಲಿ ನೆಲ ಕೊಂಡು ವೈಲಿಮಾ ಎಂಬಲ್ಲಿ ಮನೆ ಕಟ್ಟಿದನು. ಅಲ್ಲಿನ ಜನ ಅವನನ್ನು ಕಥೆಗಾರನೆಂಬ ಅರ್ಥದ ತುಸಿತಾಲ ಎಂಬ ಹೆಸರಿನಿಂದ ಕರೆದರು. ಪರಕೀಯ ಸರಕಾರಗಳು ಆ ದ್ವೀಪಗಳಲ್ಲಿ ನಡೆಸಿದ ಅನ್ಯಾಯವನ್ನು ಖಂಡಿಸಿ 1892ರಲ್ಲಿ ಗ್ರಂಥವೊಂದನ್ನೇ ಬರೆದನು. ಸೆರೆಯಲ್ಲಿದ್ದಾಗ ತಮಗೆ ನೆರವಾದನೆಂಬ ಕೃತಜ್ಞತೆಯಿಂದ ಸಮೋವಾದ ನಾಯಕರು ಬಿಡುಗಡೆಯಾದೊಡನೆ ಅವನ ಮನೆಗೆ ತಾವೇ ರಸ್ತೆ ಕಡಿದುಕೊಟ್ಟರು. 1894ರ ಡಿಸೆಂಬರ್ 3ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಹಠಾತ್ತನೆ ಕುಸಿದು ತೀರಿಕೊಂಡನು. ಜನ್ಮವಿಡೀ ಹೆದರಿಸಿದ ಶ್ವಾಸಕೋಶದಿಂದಲ್ಲ, ಮಿದುಳಿನ ರಕ್ತಸ್ರಾವದಿಂದ. ವಾಯಿಯಾ ಬೆಟ್ಟದ ತುದಿಯವರೆಗೆ ಸಮೋವಾದವರು ಹಾದಿ ಕಡಿದು ಅವನನ್ನು ಹೊತ್ತು ಅಲ್ಲಿ ಸಮಾಧಿ ಮಾಡಿದರು.

ಇನ್ನೊಂದು ಸಂಗತಿ ಉಳಿದಿದೆ. ಅಮೆರಿಕದ ಶಿಲ್ಪಿ ಸೇಂಟ್-ಗಾಡನ್ಸ್, 1887 ಮತ್ತು 1888ರಲ್ಲಿ ಸ್ಟೀವನ್‌ಸನ್ನನನ್ನು ಕಣ್ಣಾರೆ ನೋಡಿ ಕಂಚಿನ ಉಬ್ಬುಚಿತ್ರವೊಂದನ್ನು ರೂಪಿಸಿದ್ದನು. ಹಾಸಿಗೆಯ ಮೇಲೆ ದಿಂಬಿಗೊರಗಿದ ರೋಗಿ, ಕೈಯಲ್ಲಿ ಸಿಗರೇಟು. ಮುಂದೆ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಸ್ಮಾರಕ ನಿಲ್ಲಿಸುವಾಗ ಆ ರೂಪ ಪೂಜಾಸ್ಥಳಕ್ಕೆ ಒಗ್ಗದೆ ಹೋಯಿತು. 1904ರಲ್ಲಿ ಅನಾವರಣಗೊಂಡ ಆ ಫಲಕದಲ್ಲಿ ಸಿಗರೇಟಿನ ಜಾಗಕ್ಕೆ ಗರಿಯ ಲೇಖನಿ ಬಂದಿದೆ. ಹಾಸಿಗೆ ಹೋಗಿ ಒರಗುಪೀಠ ಬಂದಿದೆ.

ಮಕ್ಕಳ ಕೈಗೆ ಇಂಥ ಪುಸ್ತಕಗಳನ್ನು ಕೊಡುವ ಉಪಾಧ್ಯಾಯರ ಮುಂದೆಯೂ ಇದೇ ಬಗೆಯ ಪ್ರಶ್ನೆಯುಂಟು. ಹೊಗೆಸೊಪ್ಪಿಗೂ ಶ್ವಾಸಕೋಶದ ಅರ್ಬುದಕ್ಕೂ ಇರುವ ನಂಟನ್ನು 1950ರಲ್ಲಿ ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು ತೋರಿಸಿದ ಮೇಲೆ, ಚಿಲುಮೆ ನಿರಪರಾಧಿಯೆಂದು ಯಾರೂ ಹೇಳುವಂತಿಲ್ಲ. ಹಾಗೆಂದು ಸ್ಮಾಲೆಟ್ಟನ ಕೈಯಿಂದ ಅದನ್ನು ಕಿತ್ತರೆ ಸಂಧಾನದ ಆ ಮೌನವೇ ಉಳಿಯುವುದಿಲ್ಲ. ಫಲಕದಲ್ಲಿ ಲೇಖನಿಯನ್ನಿಟ್ಟವರು ಸುಳ್ಳನ್ನೇನೂ ಹೇಳಲಿಲ್ಲ. ಆ ಕೈ ಲೇಖನಿಯನ್ನೂ ಹಿಡಿದಿತ್ತು. ಆದರೆ ಎರಡನ್ನೂ ಹಿಡಿದಿದ್ದ ಕೈ ಅದು ಎಂಬುದು ಪೂರ್ಣಸತ್ಯ. ಕಥೆಯನ್ನು ಇದ್ದಂತೆಯೇ ಓದಿಸಿ, ಬರೆದವನ ಬಾಳನ್ನೂ ಅದರ ಜೊತೆಗೆ ಹೇಳುವುದು ಉಪಾಧ್ಯಾಯರಿಗೆ ಸಾಧ್ಯವಿರುವ ಕೆಲಸ. ಚಿಲುಮೆಗಳನ್ನೆಲ್ಲ ನೋಡಿಯೂ ಮುಟ್ಟದೆ ಉಳಿದ ಜಿಮ್‌ನಂತೆ, ನಮ್ಮ ಹುಡುಗರೂ ನೋಡಬಲ್ಲರು, ಅರಿಯಬಲ್ಲರು.